ಹಾಲು ಕಾಯಿಸುವ ವಿದ್ಯೆ

ಹಾಲು ಕಾಯಿಸುವುದು ಬಹು ಸುಲಭವಾದ ಕೆಲಸವೆಂದು ಹೇಳುವವರು ಸಾಮಾನ್ಯವಾಗಿ ಅದನ್ನು ಒಂದು ಸಾರಿಯೂ ಕಾಯಿಸಿ ನೋಡದವರೇ ಆಗಿರುವರು. ಒಲೆಯ ಮುಂದೆ ನಿಂತವರಿಗೆ ಅದರ ಕಷ್ಟವು ತಿಳಿದೇ ಇದೆ. ಉರಿ ಕಡಮೆಯಾದರೆ ಹಾಲು ಕಾಯದು. ಹೆಚ್ಚಾದರೆ ತಳ ಹಿಡಿಯುವುದು. ಬಾಗಿಲಿಗೆ ಯಾರೋ ಬಂದರೆಂದು ಒಂದು ನಿಮಿಷ ಮುಖ ತಿರುಗಿಸಿದರೆ ಉಕ್ಕಿ ಒಲೆಯ ಪಾಲಾಗುವುದು. ಈ ತಿಂಗಳು ನಾವು ಬರೆಯಬೇಕೆಂದಿರುವ ವಿಷಯವು ಕಾರ್ಖಾನೆಗಳಿಗೆ ಸಂಬಂಧಪಟ್ಟುದು. ಆದರೂ ಅದರ ಬೇರು ಈ ಒಲೆಯ ಮುಂದೆಯೇ ಇರುವುದರಿಂದ, ಗೃಹಿಣಿಯರು ಇದು ತಮಗಲ್ಲವೆಂದು ಪುಟವನ್ನು ಮಗುಚಬಾರದಾಗಿ ಮೊದಲೇ ಕೇಳಿಕೊಳ್ಳುತ್ತೇವೆ.

ನಮ್ಮ ತಮ್ಮನ ಮಗನು ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಒಂದು ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿ ವರ್ಷವೊಂದಾಯಿತು. ಹಬ್ಬಕ್ಕೆಂದು ಊರಿಗೆ ಬಂದಿದ್ದಾಗ ನಮ್ಮ ತಾಯಿಯವರು ಅವನನ್ನು ಹತ್ತಿರ ಕೂರಿಸಿಕೊಂಡು, "ಅಲ್ಲಿ ನೀನು ಮಾಡುವ ಕೆಲಸವೇನು ಮಗು?" ಎಂದು ಕೇಳಿದರು. ಅವನು ಪಿ.ಐ.ಡಿ. ಎಂದೂ ಕಂಟ್ರೋಲ್ ಎಂದೂ ಏನೇನೋ ಹೇಳಲು ಮೊದಲುಮಾಡಿ, ಅಜ್ಜಿಯ ಮುಖವನ್ನು ನೋಡಿ ನಿಲ್ಲಿಸಿ, "ಹಾಲು ಕಾಯಿಸುತ್ತೇನೆ ಅಜ್ಜಿ" ಎಂದನು. "ಹಾಲು ಕಾಯಿಸುವುದಕ್ಕೆ ನಾಲ್ಕು ವರ್ಷ ಓದಬೇಕಾಯಿತೇನೋ? ನನ್ನನ್ನು ಕೇಳಿದ್ದರೆ ನಾಲ್ಕು ದಿನದಲ್ಲಿ ಕಲಿಸುತ್ತಿದ್ದೆನಲ್ಲ!" ಎಂದು ಅವರು ನಕ್ಕರು. ಮನೆಯವರೆಲ್ಲರೂ ನಕ್ಕರು. ಹುಡುಗನೊಬ್ಬನು ನಗಲಿಲ್ಲ. ಅವನ ಮುಖವು ಬಾಡಿದ್ದಿತು. ಆ ರಾತ್ರಿ ಜಗಲಿಯ ಮೇಲೆ ಕುಳಿತಿದ್ದಾಗ ಅವನು ಅದರ ಕಾರಣವನ್ನು ನಮಗೆ ಹೇಳಿದನು. ಅದನ್ನು ಮುಂದೆ ಬರೆಯುತ್ತೇವೆ. ಆದರೆ ಅದು ಅರ್ಥವಾಗಬೇಕಾದರೆ, ಡೈರಿಯಲ್ಲಿ ಹಾಲು ಕಾಯುವ ಕ್ರಮವನ್ನು ಮೊದಲು ತಿಳಿಯಬೇಕು.

ಹಸಿಯ ಹಾಲಿನಲ್ಲಿ ಕ್ಷಯವೇ ಮೊದಲಾದ ರೋಗಗಳ ಕ್ರಿಮಿಗಳು ಇರಬಹುದು. ಫ್ರಾನ್ಸ್ ದೇಶದ ಲೂಯಿ ಪಾಸ್ಚರ್ ಎಂಬ ವಿಜ್ಞಾನಿಯು 1860ರ ದಶಕದಲ್ಲಿ, ದ್ರಾಕ್ಷಿಯ ಮದ್ಯವನ್ನು ಕುದಿಯಲು ಬಿಡದೆ ಮಿತವಾಗಿ ಕಾಯಿಸಿದರೂ ಅದನ್ನು ಕೆಡಿಸುವ ಜೀವಾಣುಗಳು ಸಾಯುವುವೆಂದು ತೋರಿಸಿಕೊಟ್ಟನು. ಆ ಉಪಾಯವನ್ನೇ ಅನಂತರ ಹಾಲಿಗೂ ಅನ್ವಯಿಸಿದರು. ಈಗ ದೊಡ್ಡ ಡೈರಿಗಳಲ್ಲಿ ಹಾಲನ್ನು ಸುಮಾರು 72 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಏರಿಸಿ, 15 ಸೆಕೆಂಡುಗಳ ಕಾಲ ಆ ಬಿಸಿಯಲ್ಲಿಯೇ ಇಟ್ಟು, ಒಡನೆಯೇ ತಣಿಸುವರು. ಇದಕ್ಕಿಂತ ಬಿಸಿ ಕಡಮೆಯಾದರೆ ಕ್ರಿಮಿಗಳು ಉಳಿಯಬಹುದು. ಬಹಳ ಹೆಚ್ಚಾದರೆ ಹಾಲಿನ ರುಚಿ ಕೆಡುವುದು, ತಟ್ಟೆಗಳಿಗೆ ಅಂಟಿಕೊಂಡು ಸೀಯುವುದೂ ಉಂಟು. ಬೆಳಗಾಗುವ ಮುಂಚೆ ನಮ್ಮ ಬಾಗಿಲಿಗೆ ಬರುವ ಹಾಲಿನ ಕ್ಷೇಮವೆಲ್ಲ ಈ ಎರಡು ಮೂರು ಡಿಗ್ರಿಗಳ ಇಕ್ಕಟ್ಟಾದ ಹಾದಿಯಲ್ಲಿ ನಡೆದು ಬರಬೇಕಾಗಿದೆ.

ಡೈರಿಯಲ್ಲಿ ಹಾಲಿಗೆ ಪಾತ್ರೆಯೂ ಇಲ್ಲ, ಒಲೆಯೂ ಇಲ್ಲ. ತೆಳುವಾದ ಉಕ್ಕಿನ ತಟ್ಟೆಗಳನ್ನು ಒತ್ತಾಗಿ ಜೋಡಿಸಿರುವರು. ತಟ್ಟೆಯ ಒಂದು ಮಗ್ಗುಲಲ್ಲಿ ಹಾಲೂ ಇನ್ನೊಂದು ಮಗ್ಗುಲಲ್ಲಿ ಬಿಸಿನೀರೂ ನಿಲ್ಲದೆ ಹರಿಯುತ್ತಿರುವುವು. ಆ ನೀರನ್ನು ಬಾಯ್ಲರಿನಿಂದ ಬರುವ ಹಬೆಯು ಕಾಯಿಸುವುದು. ಹಬೆಯ ಕೊಳವೆಯಲ್ಲಿ ಒಂದು ವಾಲ್ವು ಇದೆ. ಅದನ್ನು ಹೆಚ್ಚು ತೆರೆದರೆ ಉರಿ ಹೆಚ್ಚಿಸಿದಂತೆ, ಮುಚ್ಚಿದರೆ ಉರಿ ತಗ್ಗಿಸಿದಂತೆ. ಕಾದ ಹಾಲು ಒಂದು ಉದ್ದವಾದ ಕೊಳವೆಯಲ್ಲಿ 15 ಸೆಕೆಂಡು ನಡೆದು ಹೋಗುವುದು. ಆ ಕೊಳವೆಯ ಕೊನೆಯಲ್ಲಿ ಉಷ್ಣಮಾಪಕವೊಂದು ಕಾವಲು ಕುಳಿತಿರುವುದು. ಹಾಲಿನ ಬಿಸಿ ನಿಯಮಕ್ಕಿಂತ ಕಡಮೆಯೆಂದು ಅದಕ್ಕೆ ಕಂಡುಬಂದರೆ, ಅಲ್ಲಿರುವ ಮತ್ತೊಂದು ವಾಲ್ವು ತಾನಾಗಿಯೇ ತಿರುಗಿ, ಆ ಹಾಲನ್ನು ಮುಂದಕ್ಕೆ ಬಿಡದೆ ಮತ್ತೆ ಕಾಯಿಸಲು ಹಿಂದಕ್ಕೆ ಕಳುಹಿಸುವುದು. ಹೀಗಾಗಿ ಕಾಯದ ಹಾಲು ಜನರಿಗೆ ಹೋಗದು. ಆದರೆ ಹಾಲು ಮೇಲಿಂದ ಮೇಲೆ ಹಿಂದಿರುಗುತ್ತಿದ್ದರೆ ಊರಿಗೆ ಹಾಲು ಹೊತ್ತಿಗೆ ಸರಿಯಾಗಿ ತಲಪದು.

ಈಗ ಪ್ರಶ್ನೆಯೇನೆಂದರೆ, ಹಬೆಯ ವಾಲ್ವನ್ನು ಎಷ್ಟು ತೆರೆಯಬೇಕೆಂದು ಗೊತ್ತುಮಾಡುವವರು ಯಾರು? ಹಗಲೂ ರಾತ್ರಿಯೂ ಒಬ್ಬ ಮನುಷ್ಯನನ್ನು ಅದರ ಮುಂದೆ ಕೂರಿಸಬಹುದು. ಆದರೆ ಮನುಷ್ಯನಿಗೆ ತೂಕಡಿಕೆ ಬರುವುದು. ಆದುದರಿಂದ ಆ ಕೆಲಸವನ್ನು ಒಂದು ನಿಯಂತ್ರಕ ಯಂತ್ರಕ್ಕೆ ಒಪ್ಪಿಸಿರುವರು. ಅದು ಪ್ರತಿ ಕ್ಷಣವೂ ಹಾಲಿನ ಬಿಸಿಯನ್ನು ನೋಡಿ, ಇರಬೇಕಾದ ಬಿಸಿಯೊಡನೆ ಹೋಲಿಸಿ, ಇವೆರಡರ ವ್ಯತ್ಯಾಸಕ್ಕೆ ತಕ್ಕಂತೆ ವಾಲ್ವನ್ನು ತಿರುಗಿಸುವುದು. ಈ 'ತಕ್ಕಂತೆ' ಎಂಬ ಮಾತಿನಲ್ಲಿಯೇ ವಿದ್ಯೆಯೆಲ್ಲ ಅಡಗಿದೆ.

ಎಲ್ಲಕ್ಕಿಂತ ಸರಳವಾದ ಉಪಾಯವು ನಮ್ಮ ಮನೆಯ ವಿದ್ಯುತ್ತಿನ ಇಸ್ತ್ರಿಪೆಟ್ಟಿಗೆಯಲ್ಲಿರುವುದು. ಬಿಸಿ ಕಡಮೆಯಾದರೆ ಪೂರ್ತಿ ಹೊತ್ತಿಸು, ಹೆಚ್ಚಾದರೆ ಪೂರ್ತಿ ಆರಿಸು ಎಂಬುದೇ ಅದರ ನಿಯಮ. ಇದರಿಂದ ಬಿಸಿಯು ಸದಾ ಮೇಲಕ್ಕೂ ಕೆಳಕ್ಕೂ ತೂಗಾಡುತ್ತಿರುವುದು. ಬಟ್ಟೆಗೆ ಅದರಿಂದ ತೊಂದರೆಯಿಲ್ಲ. ಹಾಲಿಗೆ ಅದು ಸಾಲದು.

ಇದಕ್ಕಿಂತ ಉತ್ತಮವಾದುದು, ತಪ್ಪು ಎಷ್ಟೋ ತಿದ್ದುಪಾಟೂ ಅಷ್ಟು ಎಂಬ ನಿಯಮ. ಹಾಲು 74 ಡಿಗ್ರಿಯಲ್ಲಿರಬೇಕೆಂದು ಗೊತ್ತುಮಾಡಿರುವರೆನ್ನೋಣ. ಎಲ್ಲವೂ ಸರಿಯಾಗಿರುವಾಗ ವಾಲ್ವು ನೂರಕ್ಕೆ 40 ಪಾಲು ತೆರೆದಿದ್ದರೆ ಸಾಕು. ಒಂದು ಡಿಗ್ರಿ ಕಡಮೆಯಾದರೆ ಇನ್ನು 10 ಪಾಲು ಹೆಚ್ಚಾಗಿ ತೆರೆಯುವುದು, ಎರಡು ಡಿಗ್ರಿಗೆ 20 ಪಾಲು, ಒಂದು ಡಿಗ್ರಿ ಹೆಚ್ಚಾದರೆ 10 ಪಾಲು ಮುಚ್ಚುವುದು, ಹೀಗೆ. ಹಾಲು ಆರಿದಷ್ಟೂ ಸೌದೆಯನ್ನು ಒಳಕ್ಕೆ ತಳ್ಳುವ, ಕಾದಷ್ಟೂ ಈಚೆಗೆ ಎಳೆಯುವ ಗೃಹಿಣಿಯ ಕ್ರಮವೇ ಇದು. ಇಂಗ್ಲಿಷಿನಲ್ಲಿ ಇದಕ್ಕೆ ಪ್ರಪೋರ್ಷನಲ್ ಎನ್ನುವರು, ನಾವು ಅನುಪಾತವೆನ್ನಬಹುದು. ಪಿ.ಐ.ಡಿ. ಎಂಬುದರಲ್ಲಿ ಮೊದಲಿನ 'ಪಿ' ಇದೇ.

ಆದರೆ ಈ ನಿಯಮದಲ್ಲಿ ಒಂದು ಗೂಢವಾದ ದೋಷವುಂಟು. ಡೈರಿಯ ಮತ್ತೊಂದು ಮೂಲೆಯಲ್ಲಿ ಯಾರೋ ಪಾತ್ರೆ ತೊಳೆಯುವುದಕ್ಕೆ ಹಬೆಯನ್ನು ಎಳೆದುಕೊಂಡರು, ಇಲ್ಲಿಗೆ ಬರುವ ಹಬೆಯ ಒತ್ತಡ ತಗ್ಗಿತು. ಈಗ ಹಾಲು 74 ಡಿಗ್ರಿ ಕಾಯಬೇಕಾದರೆ ವಾಲ್ವು 40ಕ್ಕೆ ಬದಲಾಗಿ ಹೆಚ್ಚುಕಡಮೆ 60 ಪಾಲು ತೆರೆದಿರಬೇಕು. ನಮ್ಮ ನಿಯಮದಂತೆ ಅದು 60 ಪಾಲು ತೆರೆಯುವುದು ಯಾವಾಗ? ಎರಡು ಡಿಗ್ರಿ ಕೊರತೆ ಇದ್ದಾಗ. ಕೊರತೆ ತುಂಬಿದರೆ ಅದು ಮತ್ತೆ 40ಕ್ಕೆ ಇಳಿಯುವುದು. ಇಳಿದರೆ ಮತ್ತೆ ಕೊರತೆಯಾಗುವುದು. ಆದುದರಿಂದ ಹಾಲು 72ರ ಹತ್ತಿರ ಬಂದು ಅಲ್ಲಿಯೇ ನಿಂತುಬಿಡುವುದು. ಯಂತ್ರವು ತನ್ನ ಕರ್ತವ್ಯವನ್ನು ಮಾಡಿದೆನೆಂದು ಸುಮ್ಮನಿರುವುದು. ಹಾಲು ಮಾತ್ರ ಅಪಾಯದ ಅಂಚಿನಲ್ಲಿರುವುದು. ತಪ್ಪು ಉಳಿದಿದ್ದರೆ ಮಾತ್ರ ದುಡಿಯುವ ಆಳು ತಪ್ಪನ್ನು ಪೂರ್ತಿಯಾಗಿ ಎಂದಿಗೂ ತೊಡೆಯಲಾರನು.

ಇದಕ್ಕೆ ಪರಿಹಾರವು ನೆನಪು. ಎರಡನೆಯ ನಿಯಮವು ಇದುವರೆಗೆ ಆಗಿರುವ ತಪ್ಪನ್ನೆಲ್ಲ ಲೆಕ್ಕವಿಟ್ಟು ಕೂಡಿಸುತ್ತ ಹೋಗುವುದು. ಒಂದು ಡಿಗ್ರಿ ಕೊರತೆಯು 10 ಸೆಕೆಂಡು ಉಳಿದರೆ ವಾಲ್ವನ್ನು ಇನ್ನೊಂದು ಪಾಲು ತೆರೆ, ಮತ್ತೆ 10 ಸೆಕೆಂಡು ಉಳಿದರೆ ಮತ್ತೊಂದು ಪಾಲು ಎಂಬುದು ಇದರ ರೀತಿ. ಕೊರತೆ ಎಷ್ಟು ಸಣ್ಣದಾದರೂ ಇರುವವರೆಗೂ ಇದು ವಾಲ್ವನ್ನು ತೆರೆಯುತ್ತಲೇ ಇರುವುದು. ಕೊರತೆ ಸೊನ್ನೆಯಾದಾಗ ಕೂಡಿಸುವುದು ನಿಲ್ಲುವುದು. ಅದುವರೆಗೆ ಕೂಡಿದ 20 ಪಾಲು ಮಾತ್ರ ಹಾಗೆಯೇ ಉಳಿಯುವುದು. ಈಗ ವಾಲ್ವು 60ರಲ್ಲಿ, ಹಾಲು 74ರಲ್ಲಿ ನೆಮ್ಮದಿಯಾಗಿ ನಿಲ್ಲುವುವು. 'ಈ ಹೊರೆಯ ಸೌದೆ ಸ್ವಲ್ಪ ಹಸಿ, ಇವೊತ್ತೆಲ್ಲ ಎರಡು ಕೊರಡು ಹೆಚ್ಚಾಗಿಯೇ ಇಡಬೇಕು' ಎಂದು ಗೃಹಿಣಿಯು ಅರಿತುಕೊಳ್ಳುವುದು ಇದೇ ಜ್ಞಾನ. 'ಐ' ಎಂದರೆ ಇಂಟಿಗ್ರಲ್. ಸಂಕಲನವೆಂದು ತಿಳಿದರೆ ಸಾಕು.

ನೆನಪು ಉಪಕಾರಿಯೇ ಆದರೂ ಅತಿಯಾದರೆ ಹಗೆಯಂತಾಗುವುದು. ಬಾಯ್ಲರು ಅರ್ಧ ಗಂಟೆ ನಿಂತುಹೋಯಿತೆನ್ನೋಣ. ಅಷ್ಟು ಹೊತ್ತೂ ಸಂಕಲನವು 'ಕೊರತೆ, ಕೊರತೆ' ಎಂದು ಕೂಡಿಸುತ್ತಲೇ ಇರುವುದು. ಹಬೆ ಮರಳಿ ಬಂದಾಗ ವಾಲ್ವು ಪೂರ್ತಿ ತೆರೆದಿರುವುದು. ಹಾಲು 74 ಡಿಗ್ರಿಯನ್ನು ಮುಟ್ಟಿದರೂ ಹಳೆಯ ಲೆಕ್ಕ ತೀರದ ಕಾರಣ ವಾಲ್ವು ಮುಚ್ಚದು, ಹಾಲು ಸೀದುಹೋಗುವುದು. ಅದಕ್ಕಾಗಿ ಒಳ್ಳೆಯ ನಿಯಂತ್ರಕಗಳಲ್ಲಿ, ವಾಲ್ವು ತನ್ನ ಮಿತಿಯನ್ನು ಮುಟ್ಟಿದೊಡನೆ ಲೆಕ್ಕ ಕೂಡಿಸುವುದನ್ನು ನಿಲ್ಲಿಸುವ ಏರ್ಪಾಡನ್ನು ಮಾಡಿರುವರು. ಹಳೆಯ ಬಾಕಿಯನ್ನು ಎಲ್ಲಿಯವರೆಗೆ ಬರೆದಿಡಬೇಕೆಂಬುದನ್ನು ಯಂತ್ರಕ್ಕೂ ಕಲಿಸಬೇಕಾಯಿತು.

ಮೂರನೆಯದು ಮುನ್ನೋಟ. ಹಾಲು ಈಗ 72 ಡಿಗ್ರಿಯಲ್ಲಿದೆ, ಎರಡು ಡಿಗ್ರಿ ಕೊರತೆ. ಅದು ಮೆಲ್ಲಮೆಲ್ಲನೆ ಏರುತ್ತಿದೆಯೋ, ಅಥವಾ ಸೆಕೆಂಡಿಗೆ ಅರ್ಧ ಡಿಗ್ರಿಯಂತೆ ಓಡೋಡಿ ಏರುತ್ತಿದೆಯೋ? ಕೊರತೆ ಒಂದೇ ಆದರೂ ಮಾಡಬೇಕಾದ ಕೆಲಸ ಒಂದೇ ಅಲ್ಲ. ಓಡುತ್ತಿರುವ ಹಾಲಿಗೆ ಈಗಲೇ ಉರಿ ತಗ್ಗಿಸದಿದ್ದರೆ, 74ನ್ನು ದಾಟಿ ಹೋಗುವುದು ಖಂಡಿತ. ಬಿಸಿಯು ಬದಲಾಗುವ ವೇಗವನ್ನು ನೋಡಿ ಮೊದಲೇ ಕೈ ಬಿಗಿಹಿಡಿಯುವುದು ಈ ಮೂರನೆಯ ನಿಯಮದ ಕೆಲಸ. 'ಡಿ' ಎಂದರೆ ಡಿರೈವೆಟಿವ್, ಗತಿಯ ನಿಯಮವೆನ್ನಬಹುದು. ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದಂತೆಯೇ, ಅದು ಉಕ್ಕುವ ಮುಂಚೆಯೇ ಸೌದೆಯನ್ನು ಎಳೆಯುತ್ತಿದ್ದ ನಮ್ಮ ತಾಯಿಯವರು ಈ ಹೆಸರನ್ನು ಕೇಳದೆಯೇ ಈ ವಿದ್ಯೆಯಲ್ಲಿ ಪಂಡಿತರಾಗಿದ್ದರು. ಆದರೆ ಮುನ್ನೋಟಕ್ಕೂ ಒಂದು ದೋಷವುಂಟು. ಉಷ್ಣಮಾಪಕದ ಅಂಕೆಯು ಸುಮ್ಮನೆ ಚೂರು ನಡುಗಿದರೂ ಅದನ್ನು ಮಹಾವೇಗವೆಂದು ಭ್ರಮಿಸಿ ಈ ನಿಯಮವು ವಾಲ್ವನ್ನು ಕುಣಿಸುವುದು. ಅದರಿಂದ ಅನೇಕ ಕಾರ್ಖಾನೆಗಳಲ್ಲಿ 'ಡಿ'ಯನ್ನು ಬಿಟ್ಟು ಮೊದಲಿನ ಎರಡರಿಂದಲೇ ಕೆಲಸ ನಡೆಸುವರು.

ಈಗಿನ ತಪ್ಪು ಎಷ್ಟು, ಇದುವರೆಗಿನ ತಪ್ಪು ಎಷ್ಟು, ತಪ್ಪು ಯಾವ ಕಡೆಗೆ ಎಷ್ಟು ವೇಗವಾಗಿ ಹೋಗುತ್ತಿದೆ ಎಂಬ ಮೂರು ಪ್ರಶ್ನೆಗಳ ಉತ್ತರವನ್ನು ಕೂಡಿಸಿ ವಾಲ್ವಿಗೆ ಅಪ್ಪಣೆ ಕೊಡುವುದೇ ಪಿ.ಐ.ಡಿ. ನಿಯಂತ್ರಣ. ಹೆಸರಿನ ಭಯವನ್ನು ಕಳೆದುಕೊಂಡರೆ ಇದರಲ್ಲಿ ಇನ್ನೇನೂ ಇಲ್ಲ.

ಈ ಮೂರನ್ನೂ ಸೇರಿಸಿ ಮೊದಲು ಶಾಸ್ತ್ರರೀತಿಯಾಗಿ ಬರೆದವನು ಯಂತ್ರವನ್ನು ನೋಡಿ ಕಲಿತವನಲ್ಲ, ಮನುಷ್ಯನನ್ನು ನೋಡಿ ಕಲಿತವನು ಎಂಬುದು ಸ್ವಾರಸ್ಯವಾದ ಸಂಗತಿ. ಅದಕ್ಕೂ ಹಿಂದೆ, 1788ರಲ್ಲಿಯೇ ಜೇಮ್ಸ್ ವಾಟನು ತನ್ನ ಹಬೆಯ ಯಂತ್ರಕ್ಕೆ ತಿರುಗುವ ಎರಡು ಗುಂಡುಗಳ ನಿಯಂತ್ರಕವನ್ನು ಅಳವಡಿಸಿದ್ದನು. 1868ರಲ್ಲಿ ಮ್ಯಾಕ್ಸ್‌ವೆಲ್ ಎಂಬ ಭೌತವಿಜ್ಞಾನಿಯು ಇಂತಹ ನಿಯಂತ್ರಕಗಳು ಕೆಲವು ವೇಳೆ ಏಕೆ ತೂಗಾಡಲು ತೊಡಗುವುವೆಂಬುದನ್ನು ಗಣಿತದಿಂದ ವಿಚಾರಿಸಿದನು. ಆದರೆ ಮೂರು ನಿಯಮಗಳ ಪೂರ್ಣವಾದ ವಿವೇಚನೆಯು ದೊರೆತದ್ದು 1922ರಲ್ಲಿ. ಅದನ್ನು ಬರೆದ ನಿಕೊಲಾಸ್ ಮಿನೋರ್ಸ್ಕಿ ಎಂಬವನು 1885ರಲ್ಲಿ ರಷ್ಯಾ ದೇಶದಲ್ಲಿ ಹುಟ್ಟಿ, 1918ರಲ್ಲಿ ಅಮೆರಿಕಕ್ಕೆ ಬಂದು ನೆಲಸಿದವನು. ಹಡಗನ್ನು ಮನುಷ್ಯನ ಕೈಯಿಲ್ಲದೆ ನೇರವಾದ ದಾರಿಯಲ್ಲಿ ನಡೆಸುವುದು ಹೇಗೆಂಬುದು ಅವನ ಪ್ರಶ್ನೆ. ಅವನು ನುರಿತ ಚುಕ್ಕಾಣಿಗರ ನಡತೆಯನ್ನು ಗಮನಿಸಿದನು. ಹಡಗು ದಾರಿ ತಪ್ಪಿರುವಷ್ಟನ್ನೇ ನೋಡಿ ಚುಕ್ಕಾಣಿಯನ್ನು ತಿರುಗಿಸುವವನು ಒಳ್ಳೆಯ ಚುಕ್ಕಾಣಿಗನಲ್ಲ. ಹಡಗು ಬಹು ಭಾರವಾದುದು. ತಿರುಗಲು ಮೊದಲಿಟ್ಟರೆ ಬೇಗನೆ ನಿಲ್ಲದು. ಬಲ್ಲವನು, ಹಡಗು ಸರಿಯಾದ ದಿಕ್ಕಿಗೆ ಬರುತ್ತಿದೆಯೆಂದು ಕಂಡೊಡನೆ, ಅದು ಇನ್ನೂ ಬಂದು ಮುಟ್ಟುವ ಮುಂಚೆಯೇ ಚುಕ್ಕಾಣಿಯನ್ನು ಸಡಲಿಸುವನು. ಗಾಳಿಯು ಒಂದೇ ಸಮನೆ ಒಂದು ಕಡೆಯಿಂದ ತಳ್ಳುತ್ತಿದ್ದರೆ ಅದನ್ನು ನೆನಪಿನಲ್ಲಿಟ್ಟು ಚುಕ್ಕಾಣಿಯನ್ನು ಸ್ವಲ್ಪ ಓರೆಯಾಗಿಯೇ ಹಿಡಿದಿರುವನು.

1923ರಲ್ಲಿ ಅಮೆರಿಕದ 'ನ್ಯೂ ಮೆಕ್ಸಿಕೊ' ಎಂಬ ಯುದ್ಧನೌಕೆಯ ಮೇಲೆ ಅವನ ಯಂತ್ರವನ್ನು ಪರೀಕ್ಷಿಸಿದರು. ಹಡಗು ಮೊದಲು ಎರಡು ಡಿಗ್ರಿಗಳಷ್ಟು ಆಚೀಚೆ ಓಲಾಡುತ್ತಿದ್ದಿತು. ತಿದ್ದುಪಡಿಯಾದ ಮೇಲೆ ಒಂದು ಡಿಗ್ರಿಯ ಆರನೆಯ ಒಂದು ಪಾಲಿಗಿಂತ ಆಚೀಚೆ ಸರಿಯಲಿಲ್ಲ. ಇಷ್ಟಾದರೂ ನಾವಿಕರು ಆ ಯಂತ್ರವನ್ನು ಒಲ್ಲೆವೆಂದು ಬಲವಾಗಿ ವಿರೋಧಿಸಿದುದರಿಂದ ನೌಕಾದಳವು ಅದನ್ನು ಕೈಬಿಟ್ಟಿತು. ಚುಕ್ಕಾಣಿಗನಿಂದಲೇ ಕಲಿತ ವಿದ್ಯೆಯನ್ನು ಚುಕ್ಕಾಣಿಗನೇ ತನ್ನ ಹಗೆಯೆಂದು ಬಗೆದನು. ನಮ್ಮ ಮನೆಯಲ್ಲಿ ಹೊಸ ಸೊಸೆಯು ಅತ್ತೆಯಿಂದ ಕಲಿತ ಅಡಿಗೆಯನ್ನು ಅತ್ತೆಗಿಂತ ಚೆನ್ನಾಗಿ ಮಾಡಿದಾಗಲೂ ಹೀಗಾಗುವುದುಂಟಷ್ಟೆ!

ಸಮುದ್ರದಲ್ಲಿ ನಿಲ್ಲದ ವಿದ್ಯೆಯು ನೆಲದ ಮೇಲಿನ ಕಾರ್ಖಾನೆಗಳಲ್ಲಿ ಬೇರೂರಿತು. ಒತ್ತಿದ ಗಾಳಿಯಿಂದ ನಡೆಯುವ ನಿಯಂತ್ರಕಗಳು 1930ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಬಳಕೆಗೆ ಬಂದುವು. ಆದರೆ ಪಿ, ಐ, ಡಿ ಈ ಮೂರನ್ನೂ ಎಷ್ಟೆಷ್ಟು ಬೆರಸಬೇಕೆಂಬುದೇ ಕೊಂಡವರ ತಲೆನೋವಾಯಿತು. ಉಪ್ಪು, ಹುಳಿ, ಖಾರ ಮೂರೂ ಮನೆಯಲ್ಲಿದ್ದ ಮಾತ್ರಕ್ಕೆ ಸಾರು ಆಗುವುದೇ? ನ್ಯೂಯಾರ್ಕ್ ಪ್ರಾಂತದ ರಾಚೆಸ್ಟರ್ ಪಟ್ಟಣದ ಟೇಲರ್ ಎಂಬ ಉಪಕರಣಗಳ ಸಂಸ್ಥೆಯಲ್ಲಿದ್ದ ಜೀಗ್ಲರ್ ಮತ್ತು ನಿಕೋಲ್ಸ್ ಎಂಬ ಇಬ್ಬರು 1942ರಲ್ಲಿ ಇದಕ್ಕೆ ಒಂದು ಹದವನ್ನು ಹೇಳಿಕೊಟ್ಟರು. ಅವರ ಉಪಾಯವಿದು: ಐ ಮತ್ತು ಡಿ ಎರಡನ್ನೂ ನಿಲ್ಲಿಸಿ, ಪಿ ಒಂದನ್ನೇ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗು. ಒಂದು ಹಂತದಲ್ಲಿ ಬಿಸಿಯು ತೊಟ್ಟಿಲಿನಂತೆ ಒಂದೇ ಸಮನೆ, ಹೆಚ್ಚದೆ ಕಡಮೆಯಾಗದೆ ತೂಗತೊಡಗುವುದು. ಆಗಿನ ಪಿ ಎಷ್ಟು, ಒಂದು ತೂಗಿಗೆ ಹಿಡಿದ ಕಾಲವೆಷ್ಟು ಎಂದು ಬರೆದುಕೋ. ಆ ಪಿಯ ಹತ್ತರಲ್ಲಿ ಆರು ಪಾಲನ್ನು ಇಟ್ಟುಕೋ. ಸಂಕಲನದ ಕಾಲವನ್ನು ಆ ತೂಗಿನ ಅರ್ಧಕ್ಕೆ, ಗತಿಯ ಕಾಲವನ್ನು ಎಂಟನೆಯ ಒಂದು ಪಾಲಿಗೆ ಇಡು. ತೂಗಿನ ಕಾಲ 40 ಸೆಕೆಂಡಾದರೆ ಇವು 20 ಮತ್ತು 5 ಸೆಕೆಂಡುಗಳಾಗುವುವು. ಇದು ಅಂತಿಮ ಸಿದ್ಧಾಂತವಲ್ಲ. ಇದರಿಂದ ಮೊದಲುಮಾಡಿ ಕೈಹದದಿಂದ ಸರಿಪಡಿಸಿಕೊಳ್ಳುವರು. ಈಗ ಗಾಳಿಯ ಬದಲು ಕಂಪ್ಯೂಟರು ಆ ಲೆಕ್ಕವನ್ನು ಮಾಡುವುದಾದರೂ ಮೂರು ನಿಯಮಗಳು ಅವೇ.

ಇನ್ನು ನಮ್ಮ ಹುಡುಗನ ಸಂಗತಿ. ಹಬ್ಬಕ್ಕೆ ಒಂದು ವಾರ ಮುಂಚೆ, ಅವನ ರಾತ್ರಿಯ ಪಾಳಿಯಲ್ಲಿ ಹಾಲಿನ ಬಿಸಿಯು 74ರಲ್ಲಿ ನಿಲ್ಲದೆ 71ಕ್ಕೂ 77ಕ್ಕೂ ತೂಗಾಡತೊಡಗಿತು. ಪ್ರತಿಸಾರಿ ಕೆಳಕ್ಕಿಳಿದಾಗಲೂ ಹಾಲು ಹಿಂದಿರುಗುತ್ತಿದ್ದಿತು. ಬೆಳಗಿನ ಜಾವ ಹೊರಡಬೇಕಾದ ಹಾಲಿನ ಗಾಡಿಗಳು ಬಾಗಿಲಲ್ಲಿ ಸಾಲಾಗಿ ನಿಂತುವು. ಊರಿನಲ್ಲಿ ಎಳೆಯ ಮಕ್ಕಳಿರುವ ಮನೆಗಳೆಷ್ಟು, ಆಸ್ಪತ್ರೆಗಳೆಷ್ಟು ಎಂಬುದನ್ನು ನೆನೆದು ಹುಡುಗನಿಗೆ ಬೆವರಿಳಿಯಿತು. ಅವನು ಓದಿದ್ದನ್ನೆಲ್ಲ ನೆನಪುಮಾಡಿಕೊಂಡು ಪಿಯನ್ನು ಹೆಚ್ಚಿಸಿದನು, ತೂಗಾಟ ಚುರುಕಾಯಿತು. ಕಡಮೆ ಮಾಡಿದನು, ನಿಧಾನವಾಯಿತು, ನಿಲ್ಲಲಿಲ್ಲ. ಐಯನ್ನು ಬದಲಾಯಿಸಿದನು, ಡಿಯನ್ನು ಸೇರಿಸಿದನು, ತೆಗೆದನು. ಹೀಗೆ ಮೂರು ರಾತ್ರಿ ಕಳೆದುವು. ನಾಲ್ಕನೆಯ ದಿನ ಮೇಲಧಿಕಾರಿಯು ಅವನನ್ನು ಕರೆದು, "ನೀವು ಬರುವ ಮುಂಚೆ ಇದು ಚೆನ್ನಾಗಿಯೇ ನಡೆಯುತ್ತಿತ್ತು" ಎಂದು ಎಲ್ಲರ ಮುಂದೆ ಹೇಳಿದರಂತೆ. ಅಂದಿನಿಂದ ಯಂತ್ರವನ್ನು ಬಿಡಿಸಿ, ವಾಲ್ವನ್ನು ಕೈಯಿಂದ ನಡೆಸಲು ಪಾಳಿಗೊಬ್ಬ ಆಳನ್ನು ಕೂರಿಸಿರುವರು.

"ಅಜ್ಜಿ ಹೇಳಿದ್ದೇ ಸರಿ ದೊಡ್ಡಪ್ಪ. ನಾಲ್ಕು ವರ್ಷ ಓದಿಯೂ ನನಗೆ ಹಾಲು ಕಾಯಿಸುವುದಕ್ಕೆ ಬರಲಿಲ್ಲ. ಕೆಲಸ ಬಿಟ್ಟುಬಿಡಲೇ ಎಂದುಕೊಂಡಿದ್ದೇನೆ" ಎಂದನು. ನಮಗೆ ಯಂತ್ರವಿದ್ಯೆ ಬಾರದು. "ನಿಮ್ಮಲ್ಲಿ ಹಳಬರು ಯಾರೂ ಇಲ್ಲವೇ? ಅವರನ್ನು ಕೇಳಿದೆಯಾ?" ಎಂದೆವು. "ಒಬ್ಬ ಫಿಟ್ಟರು ಇದ್ದಾರೆ. ಅವರಿಗೆ ಪಿ.ಐ.ಡಿ. ಏನು ತಿಳಿಯುತ್ತದೆ?" ಎಂದನು. "ಕೇಳಿದರೆ ನಷ್ಟವೇನು?" ಎಂದಷ್ಟೇ ಹೇಳಿ ನಾವು ಸುಮ್ಮನಾದೆವು.

ಹದಿನೈದು ದಿನಗಳಾದ ಮೇಲೆ ಅವನೇ ಟೆಲಿಫೋನಿನಲ್ಲಿ ಮಾತನಾಡಿದನು. ದನಿಯಲ್ಲಿಯೇ ಸಂಗತಿ ತಿಳಿಯಿತು. ಅವನು ಫಿಟ್ಟರನ್ನು ಕರೆದುಕೊಂಡು ಹೋಗಿ ನಡೆದುದನ್ನೆಲ್ಲ ಹೇಳಿದನಂತೆ. ಆ ವೃದ್ಧರು ಪರದೆಯ ಮೇಲಿನ ಅಂಕೆಗಳನ್ನು ನೋಡಲೇ ಇಲ್ಲ. "ವಾಲ್ವನ್ನು ಕೈಯಿಂದ ಒಂದೇ ಕಡೆ ಇಟ್ಟಾಗ ಬಿಸಿ ತೂಗಾಡುತ್ತದೆಯೇ ಸಾರ್?" ಎಂದು ಕೇಳಿದರು. ಇಲ್ಲವೆಂದನು. "ಹಾಗಾದರೆ ಹಬೆಯಲ್ಲಿ ದೋಷವಿಲ್ಲ, ಹಾಲಿನಲ್ಲಿಯೂ ಇಲ್ಲ" ಎಂದು ವಾಲ್ವಿನ ಬಳಿಗೆ ಹೋಗಿ ಅದರ ದಂಡದ ಮೇಲೆ ಬೆರಳಿಟ್ಟು, "ಈಗ ನೀವು ಒಂದೊಂದೇ ಪಾಲು ತೆರೆಯಿರಿ" ಎಂದರು. ಹುಡುಗನು ಒಂದು ಪಾಲು ತೆರೆಯಲು ಅಪ್ಪಣೆ ಕೊಟ್ಟನು, ದಂಡವು ಅಲುಗಲಿಲ್ಲ. ಎರಡು, ಮೂರು, ನಾಲ್ಕು, ಆಗಲೂ ಅಲುಗಲಿಲ್ಲ. ಐದನೆಯದಕ್ಕೆ ಥಟ್ಟನೆ ಹಾರಿ ಮುಂದಕ್ಕೆ ಹೋಯಿತು. ಕೆಲವು ದಿನಗಳ ಹಿಂದೆ ದಂಡದ ಸುತ್ತ ಹಬೆ ಸೋರುತ್ತಿದ್ದುದರಿಂದ, ಅಲ್ಲಿಯ ಪ್ಯಾಕಿಂಗನ್ನು ಯಾರೋ ಬಹಳವಾಗಿ ಬಿಗಿದಿದ್ದರು. ಸೋರುವುದೇನೋ ನಿಂತಿತು, ದಂಡವೂ ಕಚ್ಚಿಕೊಂಡಿತು.

ವಾಚಕರು ಈಗ ತಾವೇ ಊಹಿಸಬಲ್ಲರು. ಕೊರತೆ ಕಂಡು ಸಂಕಲನವು 'ತೆರೆ, ತೆರೆ' ಎನ್ನುವುದು, ದಂಡವು ಕದಲದು. ಲೆಕ್ಕ ಬೆಳೆದು ಒತ್ತಡ ಹೆಚ್ಚಾದಾಗ ಥಟ್ಟನೆ ಹಾರುವುದು, ಬೇಕಾದುದಕ್ಕಿಂತ ಹೆಚ್ಚಾಗಿ ತೆರೆಯುವುದು. ಹಾಲು ಅತಿಯಾಗಿ ಕಾಯುವುದು. ಅನಂತರ 'ಮುಚ್ಚು, ಮುಚ್ಚು' ಎಂದು ಇದೇ ಕಥೆ. ಇಂತಹ ವಾಲ್ವಿಗೆ ಅಂಕೆಗಳನ್ನು ಎಷ್ಟು ಬದಲಾಯಿಸಿದರೂ ತೂಗಾಟದ ವೇಗ ಬದಲಾಗುವುದೇ ಹೊರತು ತೂಗಾಟವು ಹೋಗದು. ಪ್ಯಾಕಿಂಗನ್ನು ತೆಗೆದು ಹೊಸದನ್ನು ಹದವಾಗಿ ಹಾಕಿದರು. ಹುಡುಗನು ತಾನು ಬದಲಾಯಿಸಿದ್ದ ಅಂಕೆಗಳನ್ನೆಲ್ಲ ಮೊದಲಿದ್ದಂತೆಯೇ ಇಟ್ಟನು. ಆ ರಾತ್ರಿ ಹಾಲು 74ರಲ್ಲಿ ಅಲುಗದೆ ನಿಂತಿತು. ವಾಲ್ವಿನ ಮುಂದೆ ಕುಳಿತಿದ್ದ ಆಳು ತನ್ನ ಮೊದಲಿನ ಕೆಲಸಕ್ಕೆ ಹೋದನು.

ಇದನ್ನೆಲ್ಲ ನಾವು ತಾಯಿಯವರಿಗೆ ವಿವರಿಸಿದೆವು. ಅವರು ಕೊನೆಯವರೆಗೂ ಕೇಳಿ, "ಒಲೆಯೊಳಗೆ ಬೂದಿ ಕಟ್ಟಿಕೊಂಡಿದ್ದರೆ ಸೌದೆಯನ್ನು ಎಷ್ಟು ತಳ್ಳಿದರೇನು, ಎಳೆದರೇನು? ಮೊದಲು ಬೂದಿ ಬಗೆಯಬೇಕು. ಪಾಪ, ಮಗುವಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರಿಗೆಲ್ಲ ಹಾಲು ಕಾಯಿಸುತ್ತಾನೆಂದು ಅಂದೇ ಸರಿಯಾಗಿ ಹೇಳಿದ್ದರೆ ನಾನು ನಗುತ್ತಿದ್ದೆನೇ? ಮುಂದಿನ ಸಾರಿ ಬಂದಾಗ ಆ ಫಿಟ್ಟರನ್ನೂ ಊಟಕ್ಕೆ ಕರೆದುಕೊಂಡು ಬರಹೇಳು" ಎಂದರು.

ನಾವು ಇದರಿಂದ ಕಲಿತುದು ಇಷ್ಟು. ತಪ್ಪನ್ನು ತಿದ್ದುವುದಕ್ಕೆ ಈಗಿನದನ್ನು ನೋಡಬೇಕು, ಹಿಂದಿನದನ್ನು ಮರೆಯಬಾರದು, ಮುಂದೆ ಆಗುವುದನ್ನು ಎಣಿಸಬೇಕು, ಮೂರರಲ್ಲಿಯೂ ಮಿತಿಯಿರಬೇಕು. ಇಷ್ಟನ್ನೆಲ್ಲ ಮಾಡಿಯೂ ತೂಗಾಟ ನಿಲ್ಲದಿದ್ದರೆ ಅಪ್ಪಣೆಯನ್ನು ಮತ್ತಷ್ಟು ಬಲಪಡಿಸುವ ಮುಂಚೆ, ಆ ಅಪ್ಪಣೆಯನ್ನು ನಡೆಸಬೇಕಾದ ಕೈಗೆ ಎಲ್ಲಿಯಾದರೂ ಬಿಗಿದಿದೆಯೇ ಎಂದು ಹೋಗಿ ಮುಟ್ಟಿ ನೋಡಬೇಕು. ಮಕ್ಕಳನ್ನು ಬೆಳಸುವವರಿಗೂ ಆಳುಗಳನ್ನು ಇಟ್ಟುಕೊಂಡಿರುವವರಿಗೂ ಈ ಮಾತು ಹೊರಗಿನದಲ್ಲವೆಂದು ನಂಬಿ ಈ ತಿಂಗಳ ಬರೆಹವನ್ನು ಮುಗಿಸುತ್ತೇವೆ.